ಆಟವನ್ನು ಬೈಯುವ ಮುನ್ನ

ನಮ್ಮ ಗಡಿಭಾಗದ ಸಾಹಿತ್ಯ ಸಮ್ಮೇಳನಗಳಲ್ಲಿ ತಪ್ಪದೆ ಕೇಳಿಬರುವ ಮಾತುಗಳು ಕೆಲವಿವೆ. ಗಡಿಯಾಚೆಯ ಕನ್ನಡಿಗನನ್ನು ಬೆಂಗಳೂರು ಮರೆತಿದೆ ಎಂಬುದು ಒಂದು. ಕನ್ನಡ ಶಾಲೆಗಳಿಗೆ ಸಾಕಷ್ಟು ಶಿಕ್ಷಕರಿಲ್ಲ ಎಂಬುದು ಇನ್ನೊಂದು. ಇವು ಎಷ್ಟು ಸಲ ಹೇಳಿದರೂ ಸವೆಯದ ಮಾತುಗಳು. ಆದರೆ ಊಟದ ಹೊತ್ತು ಸಮೀಪಿಸಿ ಸಭೆ ತೂಕಡಿಸತೊಡಗಿದಾಗ ಹಿರಿಯರೊಬ್ಬರು ಎದ್ದುನಿಂತು ಮತ್ತೊಂದು ಮಾತು ಹೇಳುತ್ತಾರೆ: ವಿಡಿಯೋ ಆಟಗಳು ನಮ್ಮ ಮಕ್ಕಳನ್ನು ನುಂಗಿದವು, ಅವು ಇರುವವರೆಗೆ ಮಕ್ಕಳು ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿಯಲಾರರು. ಸಭೆ ಎಚ್ಚರಗೊಂಡು ಚಪ್ಪಾಳೆ ತಟ್ಟುತ್ತದೆ.

ನಾವೂ ಆ ಮಾತನ್ನು ಆಡಿದವರೇ. ಒಂದು ಸಲವಲ್ಲ, ಐದಾರು ಸಲ ಆಡಿದ್ದೇವೆ; ಚಪ್ಪಾಳೆಯನ್ನೂ ಪಡೆದಿದ್ದೇವೆ. ಈಗ ಎಪ್ಪತ್ತು ದಾಟಿದ ಮೇಲೆ ಆ ಮಾತನ್ನು ಹಿಂದಕ್ಕೆ ಪಡೆಯಲು ಬಯಸುತ್ತೇವೆ. ವೇದಿಕೆಯ ಮೇಲಿಂದ ಆಡಿದ್ದನ್ನು ಮನೆಯಲ್ಲಿ ಕುಳಿತು ಹಿಂದಕ್ಕೆ ಪಡೆಯುವುದು ಸರಿಯಲ್ಲವಾದ್ದರಿಂದ ಸಂಚಿಕೆಯ ಸಂಪಾದಕರಲ್ಲಿ ಈ ಕೆಲವು ಪುಟಗಳನ್ನು ಬೇಡಿ ಪಡೆದಿದ್ದೇವೆ. ಇದರಿಂದ ಕೆಲವು ಹಿರಿಯ ಮಿತ್ರರಿಗೆ ಬೇಸರವಾದೀತು. ಆಗಲಿ.

ಕಳೆದ ದೀಪಾವಳಿಯ ರಜೆಗೆ ಮೊಮ್ಮಗ ಪುಣೆಯಿಂದ ಕಾಗಲಕ್ಕೆ ಬಂದಿದ್ದ. ಹನ್ನೊಂದು ವರ್ಷದ ಹುಡುಗ. ಇಂಗ್ಲಿಷ್ ಮಾಧ್ಯಮದಲ್ಲಿ ಆರನೆಯ ಇಯತ್ತೆ. ಮನೆಯೊಳಗೆ ಕನ್ನಡ ಆಡುತ್ತಾನೆ, ಹೊಸ್ತಿಲು ದಾಟಿದರೆ ಮರಾಠಿ. ಕನ್ನಡ ಓದಲು ಮಾತ್ರ ಬಾರದು. ಅವನು ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಮುಳುಗಿದ್ದುದನ್ನು ಕಂಡು, ಅಭ್ಯಾಸಬಲದಿಂದ, ಗದರಬೇಕೆಂದು ಬಾಯಿ ತೆರೆದೆವು. ಅಷ್ಟರಲ್ಲಿ ಅವನೇ ತಲೆಯೆತ್ತಿ, “ಅಜ್ಜಾ, ಇದರಾಗ ಎಲ್ಲಾರೂ ‘ದೌ’ ಅಂತಾರ. ಹಂಗಂದ್ರ ಏನು?” ಎಂದು ಕೇಳಿದ.

ಬಿ.ಎ. ತರಗತಿಯಲ್ಲಿ ಶೇಕ್ಸ್‌ಪಿಯರನ ನಾಟಕಗಳನ್ನು ಓದುವಾಗ ನಾವು ಕಲಿತ ಶಬ್ದವದು. ಅದು ‘ನೀನು’ ಎಂಬುದಕ್ಕೆ ಹಳೆಯ ಇಂಗ್ಲಿಷ್ ರೂಪ, ನಾಲ್ಕು ಶತಮಾನಗಳ ಹಿಂದೆ ಬಳಕೆಯಲ್ಲಿತ್ತು ಎಂದೆವು. “ಮತ್ತ ‘ದೈ’ ಅಂದ್ರ?” ಎಂಬ ಪ್ರಶ್ನೆ ಬಂತು. ನಾವು ಇಷ್ಟು ವರ್ಷ ಇಂಗ್ಲಿಷ್ ಕಲಿಸಿದೆವು. ಒಬ್ಬ ವಿದ್ಯಾರ್ಥಿಯೂ ಪರೀಕ್ಷೆಯ ಭಯವಿಲ್ಲದೆ, ತಾನಾಗಿ, ಒಂದು ಸರ್ವನಾಮದ ಬಗ್ಗೆ ಎರಡು ಪ್ರಶ್ನೆ ಕೇಳಿದ ನೆನಪಿಲ್ಲ. ಗದರುವುದನ್ನು ಬಿಟ್ಟು ಕನ್ನಡಕ ಹಾಕಿಕೊಂಡು ಅವನ ಪಕ್ಕದಲ್ಲಿ ಕುಳಿತೆವು. ರಜೆ ಮುಗಿಯುವವರೆಗೆ ಸಂಜೆ ಹೊತ್ತು ಅಲ್ಲಿಯೇ ಕುಳಿತಿದ್ದೆವು ಎಂಬುದನ್ನು ಒಪ್ಪಿಕೊಳ್ಳುವುದರಲ್ಲಿ ನಮಗೆ ಸಂಕೋಚವಿಲ್ಲ.

ಆ ಆಟದ ಹೆಸರು ‘ಡ್ರ್ಯಾಗನ್ ಕ್ವೆಸ್ಟ್’. ಅದು ಇಂದಿನದಲ್ಲ. ಜಪಾನಿನಲ್ಲಿ 1986ರ ಮೇ 27ರಂದು, ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಕಂಪನಿಯ ‘ಫ್ಯಾಮಿಕಾಮ್’ ಎಂಬ ಯಂತ್ರಕ್ಕಾಗಿ ಹೊರಬಂದದ್ದು. ಈಗ ಮೊಬೈಲಿಗೂ ಬಂದಿದೆ. ಕಲ್ಪನೆ ಮತ್ತು ಬರವಣಿಗೆ ಯೂಜಿ ಹೋರಿಯವರದು. ಚಿತ್ರಗಳು ಅಕಿರಾ ತೋರಿಯಾಮ ಅವರವು, ಸಂಗೀತ ಕೋಯಿಚಿ ಸುಗಿಯಾಮ ಅವರದು. ಇವರಿಬ್ಬರೂ ಈಗ ನಮ್ಮೊಂದಿಗಿಲ್ಲ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯ ದಿನ ದೇಶದೇಶಗಳ ಕ್ರೀಡಾಪಟುಗಳು ಮೆರವಣಿಗೆಯಲ್ಲಿ ಕ್ರೀಡಾಂಗಣ ಪ್ರವೇಶಿಸುವಾಗ ಮೊದಲು ಮೊಳಗಿದ್ದು ಈ ಆಟದ ಸಂಗೀತವೇ. ಒಂದು ದೇಶ ಜಗತ್ತಿನ ಎದುರು ತನ್ನದೆಂದು ಎತ್ತಿ ತೋರಿಸುವಷ್ಟು ಅಭಿಮಾನಪಟ್ಟ ವಸ್ತುವನ್ನು ‘ಮಕ್ಕಳ ಹಾಳು ಆಟ’ ಎಂದು ತಳ್ಳಿಹಾಕುವ ಮುನ್ನ ಅದರೊಳಗೆ ಏನಿದೆಯೆಂದು ನೋಡುವುದು ನ್ಯಾಯ.

ಒಳಗೆ ಇರುವುದು ಒಂದು ಅಜ್ಜಿಯ ಕಥೆ. ಒಬ್ಬ ರಾಜ. ಅವನ ಮಗಳನ್ನು ಅಪಹರಿಸಲಾಗಿದೆ. ರಾಜ್ಯದ ಬೆಳಕನ್ನು ಕಾಯುತ್ತಿದ್ದ ಗೋಳವನ್ನು ಡ್ರ್ಯಾಗನ್‌ಗಳ ಒಡೆಯನು ಕದ್ದೊಯ್ದಿದ್ದಾನೆ. ನಾಯಕನೊಬ್ಬ ಹೊರಡುತ್ತಾನೆ, ಆಡುವ ಮಗುವೇ ಆ ನಾಯಕ. ಮೂಲ ಆಟದಲ್ಲಿ ರಾಜನು ಕೊಡುವುದು 120 ನಾಣ್ಯಗಳನ್ನು ಮಾತ್ರ. ಪಕ್ಕದ ಊರಿನ ಅಂಗಡಿಯಲ್ಲಿ ತಾಮ್ರದ ಖಡ್ಗದ ಬೆಲೆ 180. ಆದ್ದರಿಂದ ಖಡ್ಗವಿಲ್ಲ. ದೊಣ್ಣೆಗೆ 60, ಚರ್ಮದ ಕವಚಕ್ಕೆ 70. ಎರಡೂ ಕೂಡಿದರೆ 130, ಹತ್ತು ನಾಣ್ಯ ಕಡಿಮೆ ಬೀಳುತ್ತದೆ. ಧರ್ಮಶಾಲೆಯಲ್ಲಿ ಒಂದು ರಾತ್ರಿ ಮಲಗಲು 6 ಬೇರೆ ಇಟ್ಟುಕೊಂಡಿರಬೇಕು. ಮಗುವು ಆಟದ ಮೊದಲ ಹತ್ತು ನಿಮಿಷ ಯುದ್ಧ ಮಾಡುವುದಿಲ್ಲ, ಲೆಕ್ಕ ಮಾಡುತ್ತದೆ. ಸಂತೆಗೆ ಹೊರಟ ಬಡ ಒಕ್ಕಲಿಗನ ಲೆಕ್ಕ ಅದು.

ಇನ್ನೊಂದು ಸಂಗತಿ ನಮ್ಮನ್ನು ಬಹಳ ಹಿಡಿಯಿತು. ರಾಜನ ಕೋಟೆಯಿಂದ ಹೊರಗೆ ಕಾಲಿಟ್ಟೊಡನೆ ನೀರಿನ ಆಚೆ ದಡದಲ್ಲಿ ಶತ್ರುವಿನ ಕೋಟೆ ಕಣ್ಣಿಗೆ ಬೀಳುತ್ತದೆ. ಕೆಲವೇ ಹೆಜ್ಜೆಗಳ ದೂರ. ಆದರೆ ದಾಟಲು ದೋಣಿಯಿಲ್ಲ. ಆ ಹತ್ತು ಹೆಜ್ಜೆಯ ನೀರನ್ನು ದಾಟುವುದಕ್ಕಾಗಿ ಇಡೀ ಭೂಮಂಡಲವನ್ನು ಸುತ್ತಿ ಬರಬೇಕು. ಸೂರ್ಯನ ಕಲ್ಲೊಂದನ್ನೂ ಮಳೆಯ ದಂಡವೊಂದನ್ನೂ ಹುಡುಕಿ ತಂದರೆ, ಬಿಸಿಲು ಮಳೆ ಎರಡೂ ಸೇರಿ ಕಾಮನಬಿಲ್ಲು ಮೂಡಿ, ಆ ಕಾಮನಬಿಲ್ಲೇ ಸೇತುವೆಯಾಗುತ್ತದೆ. ಗುರಿಯನ್ನು ಮೊದಲ ದಿನವೇ ತೋರಿಸಿ, ಹಾದಿಯನ್ನು ಮಾತ್ರ ದೀರ್ಘವಾಗಿಸಿದ ಈ ಯುಕ್ತಿಯನ್ನು ಯಾವ ಪಠ್ಯಪುಸ್ತಕ ಸಮಿತಿಯೂ ಇದುವರೆಗೆ ಕಲಿತಿಲ್ಲ.

ಹಾದಿ ತಿಳಿಯುವುದು ಹೇಗೆ? ಕೇಳಿ ತಿಳಿಯಬೇಕು. ಆಟದ ನಿಜವಾದ ಆಕರ್ಷಣೆ ಇಲ್ಲಿದೆ. ಖಡ್ಗದಲ್ಲಿ ಅಲ್ಲ. ಒಂದೊಂದು ಊರಿನಲ್ಲಿಯೂ ಮನೆಮನೆಗೆ ಹೋಗಿ, ಅಂಗಡಿಯವನನ್ನೂ ಮುದುಕಿಯನ್ನೂ ಕಾವಲುಗಾರನನ್ನೂ ನಿಲ್ಲಿಸಿ ಮಾತನಾಡಿಸಬೇಕು. ಒಬ್ಬ, ಬೀಗ ತೆಗೆಯುವ ಕೀಲಿಕೈ ಮಾರುವ ಊರು ಯಾವುದೆಂದು ಹೇಳುತ್ತಾನೆ. ಒಬ್ಬ, ದೂರದ ಕೋಟೆಯೂರಿನ ಬಾಗಿಲು ಕಾಯುವ ಕಲ್ಲಿನ ದೈತ್ಯನು ಕೊಳಲಿನ ನಾದಕ್ಕೆ ನಿದ್ದೆಹೋಗುತ್ತಾನೆ ಎನ್ನುತ್ತಾನೆ. ಮತ್ತೊಬ್ಬ, ರಾಜನ ಕೋಟೆಯಿಂದ ದಕ್ಷಿಣಕ್ಕೆ 70 ಹರಿದಾರಿ, ಪೂರ್ವಕ್ಕೆ 40 ಹರಿದಾರಿ ಹೋಗು, ಅಲ್ಲೊಂದು ಗುರುತಿನ ಮುದ್ರೆ ಹೂತಿದೆ ಎನ್ನುತ್ತಾನೆ. ಯಾರೂ ಎರಡು ವಾಕ್ಯಕ್ಕಿಂತ ಹೆಚ್ಚು ಆಡುವುದಿಲ್ಲ. ಯಾರೂ ಉಪದೇಶ ಮಾಡುವುದಿಲ್ಲ. ಕೆಲವರು ಕೆಲಸಕ್ಕೆ ಬಾರದ ಮಾತನ್ನೂ ಆಡುತ್ತಾರೆ, ನಮ್ಮ ಊರುಗಳಲ್ಲಿ ಆಡುವಂತೆಯೇ. ಯಾವುದು ಕಾಳು ಯಾವುದು ಜೊಳ್ಳು ಎಂಬುದನ್ನು ಆಡುವವನೇ ಆರಿಸಿ ನೆನಪಿಡಬೇಕು. ಮೊಮ್ಮಗ ಚೌಕುಳಿ ಹಾಳೆಯ ಮೇಲೆ ನಕ್ಷೆ ಬರೆದು, ದಕ್ಷಿಣಕ್ಕೆ ಎಪ್ಪತ್ತು ಮನೆ, ಪೂರ್ವಕ್ಕೆ ನಲವತ್ತು ಮನೆ ಎಣಿಸಿದ. ಆಲೇಖ ಎಂಬ ಪಾಠವನ್ನು ನಾವು ಕಪ್ಪುಹಲಗೆಯ ಮೇಲೆ ಎಷ್ಟು ವರ್ಷ ಬರೆದು ಒರೆಸಿದೆವೋ! ಎಣಿಸುವ ತುರ್ತು ಒಂದು ಮಗುವಿಗೂ ಹುಟ್ಟಿರಲಿಲ್ಲ, ಏಕೆಂದರೆ ನಮ್ಮ ಆಲೇಖದ ಕೆಳಗೆ ಏನೂ ಹೂತಿರಲಿಲ್ಲ.

ಬರವಣಿಗೆಯ ಬಗ್ಗೆ ಇನ್ನೊಂದು ಮಾತು. ಆ ಕಾಲದ ಯಂತ್ರದ ನೆನಪಿನ ಶಕ್ತಿ ಅತ್ಯಲ್ಪ. ಚಿತ್ರ, ಸಂಗೀತ, ಊರು, ಕಾಡು, ಜನರ ಮಾತು ಎಲ್ಲವೂ ಸೇರಿ 64 ಕಿಲೋಬೈಟಿನಲ್ಲಿ ಹಿಡಿಯಬೇಕಿತ್ತು. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಛಾಯಾಚಿತ್ರಕ್ಕೂ ಅದು ಸಾಲದು. ಜಪಾನೀಯರಿಗೆ ಮೂರು ಬಗೆಯ ಲಿಪಿಗಳಿವೆ. ಸಾವಿರಾರು ಚಿತ್ರಾಕ್ಷರಗಳ ಕಾಂಜಿಯನ್ನು ಇಡಲು ಜಾಗವೇ ಇರಲಿಲ್ಲ. ಪರದೇಶದ ಹೆಸರುಗಳನ್ನು ಬರೆಯುವ ಕತಕಾನ ಲಿಪಿಯಲ್ಲಿಯೂ ಸುಮಾರು ಇಪ್ಪತ್ತು ಅಕ್ಷರಗಳನ್ನು ಮಾತ್ರ ಉಳಿಸಿಕೊಂಡು, ರಾಕ್ಷಸರ ಹೆಸರು, ಮಂತ್ರಗಳ ಹೆಸರುಗಳನ್ನೆಲ್ಲ ಆ ಅಕ್ಷರಗಳಿಂದಲೇ ಕಟ್ಟಿದರು. ಜಾಗವಿಲ್ಲವೆಂದು ಅವರು ಇಂಗ್ಲಿಷಿಗೆ ಶರಣುಹೋಗಲಿಲ್ಲ.

ಆಟವನ್ನು ಅರ್ಧಕ್ಕೆ ನಿಲ್ಲಿಸಿ ಮರುದಿನ ಮುಂದುವರಿಸಲು ಅವರು ಮಾಡಿದ್ದ ವ್ಯವಸ್ಥೆಯಂತೂ ಶಿಕ್ಷಕರು ಕೇಳಿ ಸಂತೋಷಪಡುವಂಥದು. ರಾಜನು ‘ಪುನರುಜ್ಜೀವನ ಮಂತ್ರ’ವೆಂದು ಇಪ್ಪತ್ತು ಅಕ್ಷರಗಳನ್ನು ಹೇಳುತ್ತಾನೆ. ಮಗು ಅದನ್ನು ವಹಿಯಲ್ಲಿ ಬರೆದುಕೊಳ್ಳಬೇಕು. ಮರುದಿನ ತಪ್ಪಿಲ್ಲದೆ ತುಂಬಬೇಕು. ಒಂದಕ್ಷರ ತಪ್ಪಿದರೆ ಮಂತ್ರ ಫಲಿಸದು; ಹಿಂದಿನ ದಿನದ ಪರಿಶ್ರಮವೆಲ್ಲ ಹೋಯಿತು. ಎರಡನೆಯ ಆಟದಲ್ಲಿ ಈ ಮಂತ್ರ 52 ಅಕ್ಷರಗಳವರೆಗೂ ಬೆಳೆಯಿತು. ಶುದ್ಧಬರಹದ ವಹಿಯನ್ನು ತಪಾಸಣೆಗಾಗಿಯೇ ಬರೆಸುತ್ತಿದ್ದ ನಮ್ಮಂಥವರು ಇದನ್ನು ಓದಿ ಒಂದು ಕ್ಷಣ ಸುಮ್ಮನೆ ಕೂರಬೇಕು.

ಇದು ಪರಕೀಯ ಸರಕು, ನಮ್ಮ ಸಂಸ್ಕೃತಿಗೆ ಒಗ್ಗದು ಎಂಬ ಆಕ್ಷೇಪ ಬರುತ್ತದೆ. ಈ ಆಟದ ವಂಶಾವಳಿಯನ್ನು ನೋಡಿರಿ. ಇಂಗ್ಲೆಂಡಿನ ಪ್ರಾಧ್ಯಾಪಕ ಟೋಲ್ಕಿನ್ ಬರೆದ ಅದ್ಭುತ ಕಥೆಗಳ ಪ್ರಭಾವ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಮೇಜಿನ ಸುತ್ತ ಕುಳಿತು ದಾಳ ಉರುಳಿಸಿ ಆಡುವ ಆಟದ ಮೇಲಾಯಿತು. ಅದರಿಂದ 1981ರಲ್ಲಿ ‘ವಿಝರ್ಡ್ರಿ’, ‘ಅಲ್ಟಿಮಾ’ ಎಂಬ ಕಂಪ್ಯೂಟರ್ ಆಟಗಳು ಬಂದವು. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ರದರ್ಶನವೊಂದಕ್ಕೆ ಹೋಗಿದ್ದ ಹೋರಿಯವರು ಅಲ್ಲಿ ‘ವಿಝರ್ಡ್ರಿ’ಯನ್ನು ಕಂಡರು. ಇಂಥದೊಂದು ನಮ್ಮ ಮಕ್ಕಳಿಗೆ ನಮ್ಮ ಭಾಷೆಯಲ್ಲಿ ಏಕಿರಬಾರದು ಎಂಬ ಹಂಬಲದಿಂದ ಊರಿಗೆ ಮರಳಿದರು. ಮೂರು ವರ್ಷದಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಸಿದ್ಧವಾಯಿತು.

ಈ ಕಥೆಯನ್ನು ಕೇಳಿದಾಗ ನಮಗೆ ನೆನಪಾದದ್ದು ನೆರೆಯ ಸಾಂಗಲಿ. ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟವನ್ನು ಕಂಡ ಸಾಂಗಲಿಯ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು ಇಂಥದೊಂದು ಮರಾಠಿಯಲ್ಲಿಯೂ ಆಗಬೇಕೆಂದು ಬಯಸಿದರು. ಅವರ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು, ಮರಾಠಿ ರಂಗಭೂಮಿಯ ಜನ್ಮವರ್ಷವೆಂದು ಅದನ್ನೇ ಎಣಿಸುತ್ತಾರೆ. ಸಂಸ್ಥಾನಿಕರು ಆಗ, ಇದು ಕಾನಡಿ ಸರಕು, ನಮ್ಮ ಹುಡುಗರು ಕೆಟ್ಟಾರು ಎಂದು ಮೇಳವನ್ನು ಊರಾಚೆ ಅಟ್ಟಿದ್ದರೆ? ಒಳ್ಳೆಯದನ್ನು ಕಂಡು ನಮಗೂ ಬೇಕೆನ್ನುವವರಿಂದ ಭಾಷೆ ಬೆಳೆಯುತ್ತದೆ. ಬೇಡವೆಂದು ಠರಾವು ಮಾಡುವವರಿಂದ ಸಭೆಯ ಇತಿವೃತ್ತದ ಪುಸ್ತಕ ಮಾತ್ರ ಬೆಳೆಯುತ್ತದೆ.

ಕಥೆಯಂತೂ ಪರಕೀಯವೇ ಅಲ್ಲ. ಏಳು ಸಮುದ್ರದಾಚೆ ಗಿಳಿಯೊಂದರಲ್ಲಿ ಪ್ರಾಣವನ್ನಿಟ್ಟ ರಾಕ್ಷಸ, ಅವನ ಸೆರೆಯಲ್ಲಿ ರಾಜಕುಮಾರಿ, ಹಾದಿಯಲ್ಲಿ ಸಿಕ್ಕ ಮುದುಕಿಗೆ ಬುತ್ತಿ ಕೊಟ್ಟದ್ದರಿಂದ ಗುಟ್ಟು ತಿಳಿದುಕೊಂಡ ಕಿರಿಯ ರಾಜಕುಮಾರ: ಇದನ್ನು ಕೇಳದೆ ನಮ್ಮಲ್ಲಿ ಯಾರು ಬೆಳೆದಿದ್ದೇವೆ? ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಅವರು 1950ರ ದಶಕದಲ್ಲಿ ಈ ಭಾಗದ ಹೆಂಗಸರ ಬಾಯಿಂದ ಇಂಥ ಕಥೆಗಳನ್ನು ಕೇಳಿ ಬರೆದುಕೊಂಡರು. ಮುಂದೆ ಅವು ಇಂಗ್ಲಿಷಿನಲ್ಲಿ ಜಗತ್ತನ್ನು ಸುತ್ತಿದವು. ನಮ್ಮ ಮನೆಗಳಲ್ಲಿ ಅವನ್ನು ಹೇಳುತ್ತಿದ್ದ ನಾಲಗೆಗಳು ಸಾಗಿಹೋದವು. ಮಗುವು ಆ ಹಸಿವನ್ನು ಎಲ್ಲಿ ತೀರಿಸಿಕೊಳ್ಳಬೇಕು?

‘ಆಟ’ ಎಂಬ ಶಬ್ದವನ್ನೇ ತೆಗೆದುಕೊಳ್ಳಿರಿ. ಕನ್ನಡದಲ್ಲಿ ಚೆಂಡಿನದೂ ಆಟ, ಚೌಕಾಬಾರವೂ ಆಟ, ಬಯಲಾಟ, ದೊಡ್ಡಾಟ, ಸಣ್ಣಾಟಗಳೂ ಆಟ. ನಾವು ಹುಡುಗರಾಗಿದ್ದಾಗ ನಿಪ್ಪಾಣಿ, ಸಂಕೇಶ್ವರದ ಕಡೆ ದೊಡ್ಡಾಟ ಇದೆಯೆಂದರೆ ಸಂಜೆಗೇ ರೊಟ್ಟಿ ಕಟ್ಟಿಕೊಂಡು ನಡೆದು ಹೋಗುತ್ತಿದ್ದೆವು. ಬೆಳಗಿನ ಜಾವದವರೆಗೆ ರಾಕ್ಷಸನ ಕಿರೀಟ, ಕುಣಿತ, ಯುದ್ಧ. ಮರುದಿನ ಶಾಲೆಯಲ್ಲಿ ತೂಕಡಿಸಿ ಗುರುಗಳಿಂದ ಏಟು ತಿನ್ನುತ್ತಿದ್ದೆವು. ಆಟ ನೋಡಿ ಹುಡುಗರು ಕೆಟ್ಟರು ಎಂಬ ಮಾತನ್ನು ನಮ್ಮ ತಂದೆಯವರೂ ಆಡಿದ್ದರು. ‘ಸಂಗ್ಯಾ ಬಾಳ್ಯಾ’ ನೋಡಿ ಬಂದ ರಾತ್ರಿ ಅಂಗಳದಲ್ಲಿಯೇ ಮಲಗಬೇಕಾಯಿತು, ಬಾಗಿಲು ತೆರೆಯಲಿಲ್ಲ. ಇಂದು ಅದೇ ಆಟವನ್ನು ಸಮ್ಮೇಳನದ ರಾತ್ರಿ ‘ಜಾನಪದ ವೈಭವ’ವೆಂದು ಆಡಿಸಿ ಶಾಲು ಹೊದಿಸುತ್ತೇವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಹೊಸ ಹೊಸ ಆಟಗಳನ್ನು ರಚಿಸಿದವರು; ಅವರ ‘ಶ್ರೀತತ್ತ್ವನಿಧಿ’ಯ ಒಂದು ಭಾಗವಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಅರಸರೊಬ್ಬರು ಗ್ರಂಥದಲ್ಲಿ ಸ್ಥಾನ ಕೊಟ್ಟ ವಿಷಯಕ್ಕೆ ನಮ್ಮ ಗೋಷ್ಠಿಗಳಲ್ಲಿ ಸ್ಥಾನವಿಲ್ಲ.

ಈಗ ಸ್ವಲ್ಪ ಕಹಿಯಾದ ಮಾತು. ಈ ಆಟದಲ್ಲಿ ನಾಯಕನು ಸೋಲುತ್ತಾನೆ, ಮೇಲಿಂದ ಮೇಲೆ ಸೋಲುತ್ತಾನೆ. ಸತ್ತರೆ ರಾಜನ ಸನ್ನಿಧಿಯಲ್ಲಿ ಮತ್ತೆ ಕಣ್ಣುತೆರೆಯುತ್ತಾನೆ. ರಾಜ ಒಂದಿಷ್ಟು ಹಂಗಿಸುತ್ತಾನೆ. ಚೀಲದಲ್ಲಿದ್ದ ಹಣದಲ್ಲಿ ಅರ್ಧ ಹೋಗಿರುತ್ತದೆ. ಆದರೆ ಗಳಿಸಿದ ಅನುಭವ ಎಳ್ಳಷ್ಟೂ ಹೋಗಿರುವುದಿಲ್ಲ. ಅತಿ ಸಣ್ಣ ಶತ್ರುವೆಂದರೆ ಲೋಳೆಯ ಹನಿಯಂತಿರುವ ‘ಸ್ಲೈಮ್’. ಅದನ್ನು ಗೆದ್ದರೆ ಒಂದು ಅಂಕ. ಏಳು ಅಂಕವಾದರೆ ಎರಡನೆಯ ಮೆಟ್ಟಿಲು. ಹೀಗೆ ಮೂವತ್ತು ಮೆಟ್ಟಿಲುಗಳಿವೆ. ಹತ್ತಿದ ಮೆಟ್ಟಿಲಿನಿಂದ ಯಾರೂ ಕೆಳಗೆ ತಳ್ಳುವುದಿಲ್ಲ. ಮೊಮ್ಮಗ ಒಂದೇ ಸಂಜೆ ನಾಲ್ಕು ಸಲ ಸತ್ತ. ನಾಲ್ಕು ಸಲವೂ ನಕ್ಕು ಎದ್ದ.

ನಾವು ಮುಖ್ಯಾಧ್ಯಾಪಕರಾಗಿದ್ದಾಗ ಏಳನೆಯ ಇಯತ್ತೆಯಲ್ಲಿ ನೇಕಾರರ ಹುಡುಗನೊಬ್ಬನಿದ್ದ. ಕನ್ನಡದಲ್ಲಿ ಶಾಲೆಗೇ ಮುಂದೆ. ಗಣಿತದಲ್ಲಿ ಕೆಲವೇ ಅಂಕಗಳಿಂದ ಬಿದ್ದ. ನಿಯಮದಂತೆ ಅವನು ಅದೇ ಇಯತ್ತೆಯಲ್ಲಿ ಮತ್ತೆ ಕುಳಿತುಕೊಳ್ಳಬೇಕು. ಕನ್ನಡವನ್ನೂ ಮೊದಲಿನಿಂದ ಕಲಿಯಬೇಕು, ಏನನ್ನೂ ಕಲಿತೇ ಇಲ್ಲವೆಂಬಂತೆ. ಫಲಿತಾಂಶದ ಹಾಳೆಗೆ ಸಹಿ ಮಾಡಿದವರು ನಾವು. ಜೂನ್‌ನಲ್ಲಿ ಶಾಲೆ ತೆರೆದಾಗ ಅವನು ಬರಲಿಲ್ಲ; ಇಚಲಕರಂಜಿಯ ಯಂತ್ರಮಗ್ಗಕ್ಕೆ ಹೋಗಿದ್ದ. ಅವನ ತಂದೆಯನ್ನು ಕಂಡು ಎರಡು ಮಾತು ಹೇಳಿ ಬರೋಣವೆಂದು ಅನ್ನಿಸಿತ್ತು, ಹೋಗಲಿಲ್ಲ. ಸೋತ ಮಗುವಿನಿಂದ ಗಳಿಕೆಯನ್ನೂ ಕಿತ್ತುಕೊಳ್ಳುವ ಆಟವನ್ನು ಆಡಿಸಿದವರು ಯಾರು, ಜಪಾನಿನ ಕಂಪನಿಯೋ ನಾವೋ? ಮಕ್ಕಳು ಶಾಲೆಯಿಂದ ಓಡಿ ಆಟಕ್ಕೇಕೆ ಹೋಗುತ್ತಾರೆ ಎಂದು ವೇದಿಕೆಯಿಂದ ಕೇಳುವಾಗ ನಮಗೆ ಆ ಹುಡುಗನ ನೆನಪು ಬರಬೇಕಿತ್ತು. ಬರಲಿಲ್ಲ.

ಎಲ್ಲ ಆಟಗಳನ್ನೂ ನಾವು ಸಮರ್ಥಿಸುತ್ತಿಲ್ಲ. ಹಣ ಕಟ್ಟಿಸಿಕೊಂಡು, ಸೋತಷ್ಟೂ ಇನ್ನಷ್ಟು ಕಟ್ಟುವಂತೆ ಮಾಡಿ, ದುಡಿಯುವ ಹುಡುಗರ ಪಗಾರವನ್ನು ಒಂದೇ ರಾತ್ರಿಯಲ್ಲಿ ಬರಿದುಮಾಡುವ ಆಟಗಳು ಶಕುನಿಯ ಪಗಡೆಯ ಸಂತಾನ. ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಆ ಕಾಯಿದೆಗೇ ಕಾಣುವ ಭೇದ ನಮ್ಮ ಭಾಷಣಕಾರರಿಗೆ ಕಾಣಬೇಡವೇ? ಶರಾಬನ್ನೂ ಪಾನಕವನ್ನೂ ಒಂದೇ ಲೋಟದಲ್ಲಿ ಕುಡಿಯುತ್ತಾರೆಂದು ಲೋಟವನ್ನು ಒಡೆಯುವುದೇ?

ಹೊತ್ತು ಹಾಳಾಗುತ್ತದೆ ಎಂಬ ಆಕ್ಷೇಪವನ್ನು ಒಪ್ಪುತ್ತೇವೆ. ಒಂದೇ ಬಯಲಿನಲ್ಲಿ ಸುತ್ತುತ್ತ ಸ್ಲೈಮ್‌ಗಳನ್ನು ಬಡಿಯುವ ಕೆಲಸ ನಮಗೂ ಬೇಸರ ತರಿಸಿತು, ಮೊಮ್ಮಗನಿಗೆ ತರಿಸಲಿಲ್ಲ. 1988ರ ಫೆಬ್ರುವರಿಯಲ್ಲಿ ಇದೇ ಸರಣಿಯ ಮೂರನೆಯ ಆಟ ಬಿಡುಗಡೆಯಾದ ದಿನ ಜಪಾನಿನಲ್ಲಿ ನೂರಾರು ಮಕ್ಕಳು ಶಾಲೆ ತಪ್ಪಿಸಿ ಅಂಗಡಿಗಳ ಮುಂದೆ ಸಾಲುನಿಂತು ಪೊಲೀಸರ ಕೈಗೆ ಸಿಕ್ಕರು. ಸಂಜೆ ಒಂದು ತಾಸು ಎಂದು ಕಟ್ಟುಮಾಡುವುದು ಮನೆಯ ಹಿರಿಯರ ಕರ್ತವ್ಯ. ನಾವು ಮಾಡಿದೆವು, ಹುಡುಗ ಒಂದೂವರೆ ತಾಸು ಮಾಡಿಕೊಂಡ. ದೊಡ್ಡಾಟಕ್ಕೆ ಇಡೀ ರಾತ್ರಿ ಕೊಟ್ಟ ನಾವು ಅರ್ಧ ತಾಸಿಗೆ ಜಗಳವಾಡಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಆಟ ಕನ್ನಡವನ್ನು ಕಿತ್ತುಕೊಂಡಿತು ಎಂಬುದು ಆರೋಪ. ಆ ಹನ್ನೊಂದು ವರ್ಷದ ಹುಡುಗ ಆ ಆಟಕ್ಕಾಗಿ ನಾಲ್ಕು ನೂರು ವರ್ಷ ಹಳೆಯ ಇಂಗ್ಲಿಷನ್ನು ಓದಿದ. ಯಾರೂ ಓದೆನ್ನಲಿಲ್ಲ. ಓದದೆ ಸೇತುವೆ ದಾಟಲಾಗದು, ಅದಕ್ಕೆ ಓದಿದ. ಅದು ಕನ್ನಡದಲ್ಲಿದ್ದಿದ್ದರೆ ಕನ್ನಡವನ್ನು ಓದುತ್ತಿದ್ದ. ‘ನೀಂ’, ‘ಆಂ’ ಎಂಬ ಹಳಗನ್ನಡ ಸರ್ವನಾಮಗಳ ಅರ್ಥವನ್ನು ನಮ್ಮನ್ನು ಕೇಳುತ್ತಿದ್ದ. ಕನ್ನಡದಲ್ಲಿ ಅದಿಲ್ಲ. ಆ ಕೊರತೆ ಆಟದ್ದಲ್ಲ.

ನಮ್ಮ ಸಮ್ಮೇಳನದ ಪುಸ್ತಕ ಮಳಿಗೆಗೆ ಹನ್ನೊಂದು ವರ್ಷದ ಮಗುವನ್ನು ಕರೆದುಕೊಂಡು ಹೋಗಿ ನೋಡಿರಿ. ಮಹಾಪುರುಷರ ಚರಿತ್ರೆಗಳಿವೆ, ಮಸಿ ಹರಡಿದ ಪಂಚತಂತ್ರವಿದೆ, ನೀತಿಕಥೆಗಳಿವೆ, ಕೊನೆಗೊಂದು ಸಾಲಿನ ನೀತಿ ಸಹಿತ. ರಾತ್ರಿ ದೀಪ ಆರಿಸಿದ ಮೇಲೂ ಮುಂದೇನಾಯಿತೋ ಎಂದು ಮಗು ಹೊರಳಾಡುವಂಥದು ಎಷ್ಟಿದೆ? ಇನ್ನು, ವೇದಿಕೆಯ ಮೇಲೆ ಕುಳಿತಿರುವ ನಮ್ಮಲ್ಲಿ ಎಷ್ಟು ಜನರ ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿದ್ದಾರೆ? ನಮ್ಮವನಂತೂ ಇಲ್ಲವೆಂದು ಮೇಲೆಯೇ ಹೇಳಿದ್ದೇವೆ. ಮಗನು ನೌಕರಿಗಾಗಿ ಪುಣೆಗೆ ಹೋದ, ಅಲ್ಲಿ ಅನುಕೂಲವಿಲ್ಲ ಎಂಬ ಸಬೂಬು ನಮಗಿದೆ. ಆದರೆ ರಜೆಗೆ ಬಂದ ಹುಡುಗನಿಗೆ ಅಕ್ಷರ ತಿದ್ದಿಸಲು ಹಿಂದಿನ ಐದು ದೀಪಾವಳಿಗಳಲ್ಲಿ ನಮಗೇನು ಅಡ್ಡಿಯಿತ್ತು? ಆಗ ನಾವು ಸಮ್ಮೇಳನದ ಭಾಷಣ ಬರೆಯುತ್ತಿದ್ದೆವು. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಕನ್ನಡದಲ್ಲಿ ಇಂಥ ಆಟ ಸಾಧ್ಯವಿಲ್ಲ, ನಮ್ಮ ಒತ್ತಕ್ಷರಗಳು ಯಂತ್ರಕ್ಕೆ ಒಗ್ಗವು ಎಂಬ ಕಾಲ ಮುಗಿಯಿತು. ಸಂಘದ ಸದಸ್ಯರೆಲ್ಲ ಮುಂಜಾನೆ ಎದ್ದು ಮೊಬೈಲಿನಲ್ಲಿ ಪರಸ್ಪರ ಕಳುಹಿಸಿಕೊಳ್ಳುವ ಸುಭಾಷಿತಗಳಲ್ಲಿ ಎಲ್ಲ ಒತ್ತಕ್ಷರಗಳೂ ಚೆನ್ನಾಗಿಯೇ ಮೂಡುತ್ತಿವೆ. ಸಾಮಗ್ರಿಗೂ ಕೊರತೆಯಿಲ್ಲ. ಡ್ರ್ಯಾಗನ್ ಒಡೆಯನ ನಾಡಿನಲ್ಲಿ ಸೇತುವೆ ದಾಟಿದೊಡನೆ ಶತ್ರುಗಳು ಬಲಿಷ್ಠರಾಗುತ್ತಾರೆ. ನಮ್ಮಲ್ಲಿ ದೂಧಗಂಗೆಯ ಸೇತುವೆ ದಾಟಿದೊಡನೆ ಅಂಗಡಿಯ ಫಲಕಗಳ ಲಿಪಿಯೇ ಬದಲಾಗುತ್ತದೆ. ಪಂಚಗಂಗೆ, ವೇದಗಂಗೆ, ಹಿರಣ್ಯಕೇಶಿ, ಪನ್ಹಾಳದ ಕೋಟೆ, ಖಿದ್ರಾಪುರದ ಕೋಪೇಶ್ವರ ಗುಡಿ. ಆ ಗುಡಿಯ ಸ್ವರ್ಗಮಂಟಪದಲ್ಲಿ ನಿಂತು ಮೇಲೆ ನೋಡಿದರೆ ಚಾವಣಿಯ ಬದಲು ದುಂಡಗಿನ ಆಕಾಶ. ಅಲ್ಲಿ ಕನ್ನಡ ಶಾಸನಗಳಿವೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಕೆ.ಜಿ. ಕುಂದಣಗಾರರು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪ್ರ��ಟಿಸಿದರು. ಇಂದು ಅವನ್ನು ತೆರೆದು ನೋಡುವವರು ಎಷ್ಟು ಮಂದಿ? ಶಾಸನದ ಎರಡು ಸಾಲು ಓದಿದರೆ ಮಾತ್ರ ಮುಂದಿನ ಬಾಗಿಲು ತೆರೆಯುವುದೆಂದು ಆಟದಲ್ಲಿ ಇಟ್ಟು ನೋಡಿರಿ. ಮಕ್ಕಳು ಓದುತ್ತಾರೆ. ಬಾಗಿಲು ತೆರೆಯುವುದಾದರೆ ಮಕ್ಕಳು ಏನನ್ನಾದರೂ ಓದುತ್ತಾರೆ.

ನಮಗಿರುವ ದೊಡ್ಡ ಅಂಜಿಕೆ ಯಂತ್ರದ್ದಲ್ಲ, ನಮ್ಮದೇ. ನಮ್ಮಂಥ ಮಾಸ್ತರರ ಕೈಗೆ ಇಂಥ ಕೆಲಸ ಸಿಕ್ಕರೆ ಆಟದಲ್ಲಿ ಎದುರಾದ ಪ್ರತಿಯೊಬ್ಬ ಮುದುಕನೂ ನಾಡುನುಡಿಯ ಮಹತ್ವದ ಮೇಲೆ ಭಾಷಣ ಮಾಡುತ್ತಾನೆ. ಪ್ರತಿಯೊಂದು ಗುಹೆಯಲ್ಲಿಯೂ ಕವಿಗಳ ಜನನ ವರ್ಷ ಕೇಳುವ ರಾಕ್ಷಸನಿರುತ್ತಾನೆ. ಮಕ್ಕಳು ಮೊದಲ ಊರಿನಿಂದಲೇ ಓಡಿಹೋಗುತ್ತಾರೆ, ಹೋಗಲೂ ಬೇಕು. ಡ್ರ್ಯಾಗನ್ ಒಡೆಯನು ಕೊನೆಗೆ ಎದುರಾದಾಗ ಒಂದು ಮಾತು ಕೇಳುತ್ತಾನೆ: ನನ್ನನ್ನು ಸೇರಿಕೋ, ಅರ್ಧ ಲೋಕ ನಿನ್ನದು. ಬೇಡವೆನ್ನು ಎಂದು ಆಟ ಹೇಳಿಕೊಡುವುದಿಲ್ಲ. ಏನಾಗುವುದೋ ನೋಡೋಣವೆಂದು ಮೊಮ್ಮಗ ಹೂಂ ಎಂದ. ಅಲ್ಲಿಗೆ ಎಲ್ಲ ಮುಗಿಯಿತು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂವಾ ಮೋಸ ಮಾಡಿದ ಅಜ್ಜಾ” ಎಂದ. ನಾವು ಏನೂ ಹೇಳಲಿಲ್ಲ. ನಲವತ್ತು ವರ್ಷದ ವೃತ್ತಿಯ ಅಭ್ಯಾಸವನ್ನು ಆ ಕ್ಷಣ ನಾಲಗೆಯ ಮೇಲೆ ತಡೆಹಿಡಿದದ್ದು ನಮಗೆ ಸುಲಭವಾಗಿರಲಿಲ್ಲ.

ಆದ್ದರಿಂದ ಸಂಘದ ಕಾರ್ಯಕಾರಿ ಮಂಡಳದ ಮುಂದೆ ನಮ್ಮ ಬೇಡಿಕೆ ಇಷ್ಟು. ವಿಡಿಯೋ ಆಟಗಳನ್ನು ಖಂಡಿಸುವ ಠರಾವನ್ನು ಈ ವರ್ಷ ಕೈಬಿಡಿರಿ. ಮುಂದಿನ ಸಮ್ಮೇಳನದಲ್ಲಿ ಸತ್ಕಾರದ ಶಾಲುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ, ಮೊದಲ ಶಾಲು ನಮ್ಮದನ್ನೇ ಕಡಿಮೆ ಮಾಡಿ, ಆ ಹಣದಿಂದ ಒಂದು ಗೋಷ್ಠಿ ನಡೆಸಿರಿ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಕನ್ನಡ ಮನೆಮಾತಿನ ಹುಡುಗ ಹುಡುಗಿಯರು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುತ್ತಿದ್ದಾರೆ. ಅವರನ್ನು ಕೆಳಗೆ ಕೂರಿಸದೆ ಮೇಲೆ ಕೂರಿಸಿ, ಒಂದು ಸಣ್ಣ ಆಟವನ್ನು ಕನ್ನಡದಲ್ಲಿ ಕಟ್ಟಲು ಏನೇನು ಬೇಕೆಂದು ಕೇಳಿರಿ. ನಾವು ಹಿರಿಯರು ಎದುರುಗಡೆ ಕುಳಿತು ಬರೆದುಕೊಳ್ಳೋಣ. ಮೂರು ಊರು, ಎರಡು ಗುಹೆ, ಒಂದು ಸೇತುವೆ ಸಾಕು. ಚಿತ್ರ ಬರೆಯುವವರು ನಮ್ಮಲ್ಲಿದ್ದಾರೆ. ದೊಡ್ಡಾಟದ ಮದ್ದಳೆ ಬಾರಿಸುವವರು ಇನ್ನೂ ಬದುಕಿದ್ದಾರೆ; ಅವರಿಗೆ ವಯಸ್ಸಾಗಿದೆ, ತಡಮಾಡುವಂತಿಲ್ಲ.

ಊರಿನ ಜನರ ಮಾತುಗಳನ್ನು ಬರೆದುಕೊಡುವ ಕೆಲಸಕ್ಕೆ ನಾವು ಸಿದ್ಧ, ಸಂಭಾವನೆ ಬೇಡ. ಉಪ್ಪು ಮಾರುವವನು, ಮಗ್ಗದವನು, ಮಳೆ ಯಾವಾಗ ಬರುವುದೆಂದು ಬಲ್ಲ ಮುದುಕಿ, ಗಡಿ ಯಾವುದೆಂದು ತಿಳಿಯದ ಕುರಿಗಾರ. ಒಬ್ಬೊಬ್ಬರಿಗೆ ಎರಡೇ ವಾಕ್ಯ, ಅದೂ ನಮ್ಮ ಈ ಕಡೆಯ ಮಾತಿನಲ್ಲಿ. ನಲವತ್ತು ಜನರದು ಬರೆದಾಗಿದೆ. ಮೊಮ್ಮಗನಿಗೆ ಫೋನಿನಲ್ಲಿ ಓದಿ ಹೇಳಿದೆವು; ಅವನು ಹದಿನಾಲ್ಕನ್ನು ಹೊಡೆದುಹಾಕಿಸಿದ. ಉಳಿದ ಇಪ್ಪತ್ತಾರನ್ನು ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇವೆ.